ಸೆಗ್ರೆ ಎಂಬೆಡಿಂಗ್ ಇದ್ದ ಮೇಲೂ ಎರಡು ಡಿಗ್ರಿ ಯಾಕೆ ಬೇಕು?

ಪ್ರಶ್ನೆ: ನಾನು ಎಂ.ಎಸ್ಸಿ. ಗಣಿತದ ಕೊನೆಯ ವರ್ಷದಲ್ಲಿದ್ದೇನೆ. ಎರಡು ಪ್ರೊಜೆಕ್ಟಿವ್ ಸ್ಪೇಸ್‌ಗಳ ಗುಣಲಬ್ಧವನ್ನು ಸೆಗ್ರೆ ಎಂಬೆಡಿಂಗ್ ಮೂಲಕ ಒಂದೇ ದೊಡ್ಡ ಪ್ರೊಜೆಕ್ಟಿವ್ ಸ್ಪೇಸ್‌ನೊಳಗೆ ಇಡಬಹುದು ಅಂತ ತರಗತಿಯಲ್ಲಿ ಕಲಿತೆವು. ಹಾಗಾದರೆ ಅಲ್ಲಿ ಹೊಸದೇನೂ ಇಲ್ಲ ಅಲ್ವಾ? ಆದರೆ ಸಂಶೋಧನಾ ಲೇಖನಗಳನ್ನು ತೆರೆದರೆ ಎಲ್ಲರೂ ಎರಡೆರಡು ಡಿಗ್ರಿ ಇಟ್ಟುಕೊಂಡು ಗುಣಲಬ್ಧದೊಳಗೇ ಕೆಲಸ ಮಾಡುತ್ತಾರೆ. ಯಾಕೆ? ಇನ್ನೊಂದು ಅನುಮಾನ. ಪ್ರೊಜೆಕ್ಟಿವ್ ರೇಖೆಯನ್ನು ಅದರಿಂದಲೇ ಗುಣಿಸಿದ ಜಾಗದಲ್ಲಿ ಎರಡು ಬಿಂದು ತೆಗೆದುಕೊಂಡು, ಅವುಗಳ ಐಡಿಯಲ್ ಅನ್ನು (ಆ ಬಿಂದುಗಳಲ್ಲಿ ಸೊನ್ನೆಯಾಗುವ ಬಹುಪದೋಕ್ತಿಗಳ ಕೂಟವನ್ನು) ಮೆಕಾಲೆ 2 ಸಾಫ್ಟ್‌ವೇರ್‌ನಲ್ಲಿ ಕೇಳಿದೆ. ನಾಲ್ಕು ಸಮೀಕರಣ ಬಂತು. ಆ ಜಾಗದ ಆಯಾಮ ಎರಡೇ. ನಾಲ್ಕು ಯಾಕೆ?

ಉತ್ತರ: ನಿಮ್ಮ ಎರಡೂ ಪ್ರಶ್ನೆಗಳ ಬೇರು ಒಂದೇ. ಸೆಗ್ರೆ ಎಂಬೆಡಿಂಗ್ ಗುಣಲಬ್ಧದ ಬಿಂದುಗಳನ್ನೆಲ್ಲ ಉಳಿಸಿಕೊಳ್ಳುತ್ತದೆ. ಆದರೆ ಎರಡು ದಿಕ್ಕುಗಳಲ್ಲಿ ಬೇರೆ ಬೇರೆಯಾಗಿ ಅಳೆದಿದ್ದನ್ನು ಕೂಡಿಸಿ ಒಂದೇ ಸಂಖ್ಯೆ ಮಾಡಿಬಿಡುತ್ತದೆ. ಹಾಗೆ ಕೂಡಿಸಿದಾಗ ಏನು ಹೋಗುತ್ತದೆ ಅನ್ನುವುದನ್ನು ಲೆಕ್ಕ ಮಾಡಿಯೇ ನೋಡೋಣ. ಎಲ್ಲ ಕಡೆ ಕಾಂಪ್ಲೆಕ್ಸ್ ಸಂಖ್ಯೆಗಳ ಮೇಲೆ ಕೆಲಸ ಮಾಡುತ್ತಿದ್ದೇವೆ ಅಂದುಕೊಳ್ಳಿ.

ಪ್ರೊಜೆಕ್ಟಿವ್ ಸ್ಪೇಸ್ ಅಂದರೆ ಬಿಂದುಗಳನ್ನು ನಿರ್ದೇಶಾಂಕಗಳ ಅನುಪಾತದಿಂದಷ್ಟೇ ಗುರುತಿಸುವ ಜಾಗ. ಗುಣಲಬ್ಧ ಅಂದರೆ ಎರಡು ಕಡೆಯಿಂದ ಒಂದೊಂದು ಬಿಂದು ತೆಗೆದ ಜೋಡಿಗಳ ಜಾಗ. ಪ್ರೊಜೆಕ್ಟಿವ್ ರೇಖೆಗೆ ಪ¹, ಸಮತಲಕ್ಕೆ ಪ², ಹೀಗೆ ಬರೆಯುತ್ತೇನೆ. ಮೊದಲು ಒಂದು ತಪ್ಪು ತಿಳಿವಳಿಕೆ ದೂರ ಮಾಡಬೇಕು. ಪ¹×ಪ¹ ಮತ್ತು ಪ² ಎರಡರ ಆಯಾಮವೂ 2, ಆದರೆ ಅವು ಒಂದೇ ಅಲ್ಲ. ಪ² ಒಳಗಿನ ಯಾವ ಎರಡು ವಕ್ರರೇಖೆಗಳೂ ಎಲ್ಲಾದರೂ ಸೇರಲೇಬೇಕು. ಪ¹×ಪ¹ ಒಳಗೆ ಹಾಗಿಲ್ಲ. ಮೊದಲ ನಿರ್ದೇಶಾಂಕವನ್ನು ಒಂದು ಬೆಲೆಗೆ ಕಟ್ಟಿಹಾಕಿದರೆ ಒಂದು ರೇಖೆ ಸಿಗುತ್ತದೆ. ಬೇರೆ ಬೆಲೆಗೆ ಕಟ್ಟಿಹಾಕಿದರೆ ಇನ್ನೊಂದು. ಈ ಎರಡೂ ಎಲ್ಲಿಯೂ ಸೇರುವುದಿಲ್ಲ. ಇಡೀ ಜಾಗ ಇಂಥ ಎರಡು ರೇಖಾ ಕುಟುಂಬಗಳಿಂದ ತುಂಬಿದೆ. ಒಂದೇ ಕುಟುಂಬದ ಎರಡು ರೇಖೆ ಸೇರುವುದಿಲ್ಲ, ಬೇರೆ ಬೇರೆ ಕುಟುಂಬದ ಎರಡು ರೇಖೆ ಸರಿಯಾಗಿ ಒಂದು ಬಿಂದುವಿನಲ್ಲಿ ಸೇರುತ್ತವೆ. ಮುಂದಿನ ಲೆಕ್ಕಗಳೆಲ್ಲ ಈ ಒಂದು ಮಾತಿನ ಮೇಲೆಯೇ ನಿಂತಿವೆ.

ಇಲ್ಲಿ ಸಮೀಕರಣ ಬರೆಯುವುದು ಹೇಗೆ? ಮೊದಲ ಪ¹ ಗೆ [ಕ:ಖ], ಎರಡನೆಯದಕ್ಕೆ [ಚ:ಛ] ಎಂಬ ನಿರ್ದೇಶಾಂಕ ಇಟ್ಟುಕೊಳ್ಳಿ. [1:2] ಮತ್ತು [5:10] ಒಂದೇ ಬಿಂದು. ಎರಡನೇ ಜೋಡಿಯನ್ನು ಮುಟ್ಟದೆ ಮೊದಲ ಜೋಡಿಯನ್ನಷ್ಟೇ 5ರಿಂದ ಗುಣಿಸಬಹುದು. ಹಾಗಾಗಿ ಒಟ್ಟು ಡಿಗ್ರಿ ಸಮ ಇದ್ದರೆ ಸಾಲದು. ಕ² − ಖ·ಚ ನೋಡಿ. ಎರಡೂ ಪದಗಳ ಡಿಗ್ರಿ 2. ಆದರೆ ಮೊದಲ ಜೋಡಿಯನ್ನು 5ರಿಂದ ಗುಣಿಸಿದರೆ ಮೊದಲ ಪದ 25 ಪಟ್ಟು ಆಗುತ್ತದೆ, ಎರಡನೆಯದು 5 ಪಟ್ಟು. ಅದು ಸೊನ್ನೆಯೋ ಅಲ್ಲವೋ ಅನ್ನುವ ಪ್ರಶ್ನೆಗೇ ಅರ್ಥ ಉಳಿಯುವುದಿಲ್ಲ. ಕ·ಛ − ಖ·ಚ ಸರಿ. ಪ್ರತಿ ಪದದಲ್ಲೂ ಮೊದಲ ಜೋಡಿಯಿಂದ ಒಂದು, ಎರಡನೇ ಜೋಡಿಯಿಂದ ಒಂದು. ಇದರ ಡಿಗ್ರಿಯನ್ನು (1,1) ಅಂತ ಬರೆಯುತ್ತೇವೆ. ಅದು ಸೊನ್ನೆಯಾಗುವ ಕಡೆ ಎರಡೂ ನಿರ್ದೇಶಾಂಕ ಒಂದೇ, ಅಂದರೆ ಅದು ಕರ್ಣರೇಖೆ. ಒಟ್ಟಿನಲ್ಲಿ ಎರಡು ಡಿಗ್ರಿ ಅನ್ನುವುದು ನಾವು ಬೇಕು ಅಂತ ಹಚ್ಚಿದ ಅಲಂಕಾರ ಅಲ್ಲ. ಈ ಜಾಗದಲ್ಲಿ ಅರ್ಥವಿರುವ ಸಮೀಕರಣಗಳೇ ಅಂಥವು.

ಈಗ ಸೆಗ್ರೆಗೆ ಬರೋಣ. ಕೊರಾಡೊ ಸೆಗ್ರೆ (1863–1924) ಇಟಲಿಯ ಟ್ಯೂರಿನ್‌ನಲ್ಲಿ ಪಾಠ ಮಾಡುತ್ತಿದ್ದ ಗಣಿತಜ್ಞ. ಎರಡು ಸ್ಪೇಸ್‌ಗಳ ಬಿಂದುಗಳ ಜೋಡಿಯನ್ನು ಒಂದೇ ಬಿಂದುವಾಗಿ ನೋಡುವ ಬಗ್ಗೆ 1891ರಲ್ಲಿ ಬರೆದರು. ಉಪಾಯ ಸರಳ. ಒಂದು ಕಡೆಯ ಪ್ರತಿ ನಿರ್ದೇಶಾಂಕವನ್ನು ಇನ್ನೊಂದು ಕಡೆಯ ಪ್ರತಿ ನಿರ್ದೇಶಾಂಕದಿಂದ ಗುಣಿಸಿ ಸಾಲಾಗಿ ಬರೆಯಿರಿ: [ಕಚ : ಕಛ : ಖಚ : ಖಛ]. ಇದು ಪ³ ಒಳಗಿನ ಬಿಂದು. ಈ ನಾಲ್ಕನ್ನು ಯ, ರ, ಲ, ವ ಅಂದರೆ ಯ·ವ = ರ·ಲ. ಪ¹×ಪ¹ ಎಂಬುದು ಪ³ ಒಳಗೆ ಡಿಗ್ರಿ 2ರ ಒಂದು ಮೇಲ್ಮೈಯಾಗಿ ಕೂತಿತು. ಅದರ ಮೇಲಿನ ಎರಡು ರೇಖಾ ಕುಟುಂಬಗಳೂ ಪ³ ಒಳಗಿನ ನಿಜವಾದ ಸರಳರೇಖೆಗಳೇ. ಚೆಂದದ ಚಿತ್ರ, ನಾನು ಒಪ್ಪುತ್ತೇನೆ. ಗುಣಲಬ್ಧವೂ ಪ್ರೊಜೆಕ್ಟಿವ್ ವೆರೈಟಿಯೇ ಅಂತ ಸಾಧಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆದರೆ ಬೆಲೆ ಜಾಸ್ತಿ. ಪ²×ಪ² ತೆಗೆದುಕೊಂಡರೆ ಅದು ಪ⁸ ಒಳಗೆ ಹೋಗುತ್ತದೆ, ವಿವರಿಸಲು ಡಿಗ್ರಿ 2ರ ಒಂಬತ್ತು ಸಮೀಕರಣ ಬೇಕು. ಪ¹ ಅನ್ನು ಐದು ಸಲ ಗುಣಿಸಿದರೆ ಪ³¹ ಗೆ ಹೋಗಬೇಕು. ಗುಣಲಬ್ಧದೊಳಗೇ ಇದ್ದಿದ್ದರೆ 10 ಚರಾಕ್ಷರ ಸಾಕಿತ್ತು, ಈಗ 32. ಐದು ಆಯಾಮದ ವಸ್ತುವನ್ನು 31 ಆಯಾಮದಲ್ಲಿ ಹುಡುಕಬೇಕು. ಇದು ಬರೀ ಅನನುಕೂಲದ ಮಾತು. ಇದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ.

ಪ¹×ಪ¹ ಒಳಗೆ ಕ·ಛ² = ಖ·ಚ² ಎಂಬ ವಕ್ರರೇಖೆ ನೋಡಿ. ಡಿಗ್ರಿ (1,2). ಇಲ್ಲಿ [ಕ:ಖ] = [ಚ²:ಛ²], ಹಾಗಾಗಿ ಸೆಗ್ರೆ ಮಾಡಿದರೆ [ಚ³ : ಚ²ಛ : ಚಛ² : ಛ³] ಸಿಗುತ್ತದೆ. ನೀವು ಮೊದಲ ತಿಂಗಳಲ್ಲೇ ನೋಡಿರುವ ಟ್ವಿಸ್ಟೆಡ್ ಕ್ಯೂಬಿಕ್! ಪ³ ಒಳಗೆ ಅದರ ಐಡಿಯಲ್‌ಗೆ ಮೂರು ಸಮೀಕರಣ ಬೇಕು. ಗುಣಲಬ್ಧದಲ್ಲಿ ಒಂದೇ ಸಾಕು. ಪ³ ಒಳಗೆ ಅದರ ಡಿಗ್ರಿ 3, ಅಂದರೆ 1+2. ಈಗ (2,1) ಡಿಗ್ರಿಯ ವಕ್ರರೇಖೆ ತೆಗೆದುಕೊಳ್ಳಿ. ಅದಕ್ಕೂ ಡಿಗ್ರಿ 3. (3,0) ಅಂದರೆ ಒಂದೇ ಕುಟುಂಬದ ಮೂರು ರೇಖೆ, ಅದಕ್ಕೂ 3. ಪ³ ಒಳಗೆ ನಿಂತು ಡಿಗ್ರಿಯನ್ನಷ್ಟೇ ನೋಡುವವರಿಗೆ ಇವೆಲ್ಲ ಸಮ. ಆದರೆ ಇವು ಒಂದನ್ನೊಂದು ಛೇದಿಸುವ ರೀತಿ ಪೂರ್ತಿ ಬೇರೆ.

ಎಷ್ಟು ಬಿಂದುಗಳಲ್ಲಿ ಛೇದಿಸುತ್ತವೆ ಅಂತ ಲೆಕ್ಕ ಹಾಕುವುದು ಸುಲಭ. ಮೊದಲ ಕುಟುಂಬದ ರೇಖೆಗೆ ಗ, ಎರಡನೆಯದಕ್ಕೆ ಜ ಅಂತ ಹೆಸರಿಡಿ. ಒಂದೇ ಕುಟುಂಬದವು ಸೇರುವುದಿಲ್ಲ, ಹಾಗಾಗಿ ಗ² = 0, ಜ² = 0. ಬೇರೆ ಕುಟುಂಬದವು ಒಂದು ಬಿಂದುವಿನಲ್ಲಿ ಸೇರುತ್ತವೆ, ಗ·ಜ = 1. (ಅ,ಬ) ಡಿಗ್ರಿಯ ವಕ್ರರೇಖೆ ಅಂದರೆ ಅಗ + ಬಜ. ಇದನ್ನು ಸಗ + ದಜ ಜೊತೆ ಗುಣಿಸಿ. ಉಳಿಯುವುದು ಅ·ದ + ಬ·ಸ. ಛೇದಿಸುವ ಬಿಂದುಗಳನ್ನು ಡಿಗ್ರಿಗಳಿಂದ ಎಣಿಸುವ ಬೆಜೂ ಪ್ರಮೇಯದ ಇಲ್ಲಿನ ರೂಪ ಇದೇ. ಈಗ ನೋಡಿ: ಎರಡು (1,2) ವಕ್ರರೇಖೆಗಳು 4 ಬಿಂದುಗಳಲ್ಲಿ ಸೇರುತ್ತವೆ. (1,2) ಮತ್ತು (2,1) ಆದರೆ 5. (1,2) ಮತ್ತು (3,0) ಆದರೆ 6. (3,0) ಮತ್ತು (3,0) ಆದರೆ ಸೊನ್ನೆ. ಎಲ್ಲದರ ಡಿಗ್ರಿಯೂ ಮೂರು ಮೂರೇ. ಕೂಡಿಸಿದ ಸಂಖ್ಯೆ ಏನನ್ನು ಮುಚ್ಚಿಡುತ್ತದೆ ಅನ್ನುವುದು ಇಲ್ಲಿ ಎದ್ದು ಕಾಣುತ್ತದೆ.

ಜೀನಸ್ (ವಕ್ರರೇಖೆಯನ್ನು ಮೇಲ್ಮೈಯಾಗಿ ಕಂಡಾಗ ಅದರಲ್ಲಿರುವ ತೂತುಗಳ ಸಂಖ್ಯೆ) ವಿಷಯದಲ್ಲೂ ಹೀಗೇ. ಪ² ಒಳಗಿನ ನಯವಾದ ವಕ್ರರೇಖೆಗಳಿಗೆ ಜೀನಸ್ 0, 1, 3, 6, 10 ಹೀಗೆ ಬರುತ್ತದೆ, 2 ಬರುವುದೇ ಇಲ್ಲ. ಪ¹×ಪ¹ ಒಳಗೆ (ಅ,ಬ) ಡಿಗ್ರಿಯ ನಯವಾದ ವಕ್ರರೇಖೆಯ ಜೀನಸ್ (ಅ−1)(ಬ−1). (2,3) ಇಟ್ಟರೆ 2 ಸಿಕ್ಕಿತು. (2,4) ಇಟ್ಟರೆ 3. ಮೊದಲ ಸಂಖ್ಯೆ 2 ಇಟ್ಟುಕೊಂಡು ಎರಡನೆಯದನ್ನು ಏರಿಸುತ್ತಾ ಹೋದರೆ ಯಾವ ಜೀನಸ್ ಬೇಕೋ ಅದು ಸಿಗುತ್ತದೆ.

ಗುಣಲಬ್ಧದ ಈ ಲೆಕ್ಕ ದೊಡ್ಡ ಆಯಾಮಕ್ಕೂ ಹಾಗೇ ಹೋಗುತ್ತದೆ. ಮ ಮತ್ತು ನ ಆಯಾಮದ ಸ್ಪೇಸ್‌ಗಳಾದರೆ ಗ ದ ಘಾತ ಮ+1 ಮುಟ್ಟಿದಾಗ ಸೊನ್ನೆ, ಜ ದ ಘಾತ ನ+1 ಮುಟ್ಟಿದಾಗ ಸೊನ್ನೆ. ಇಷ್ಟೇ ನಿಯಮ. ಇಂಥ ಜಾಗಗಳಿಗೆ ಬೆಜೂ ಪ್ರಮೇಯವನ್ನು ವಿಸ್ತರಿಸುವ ಬಗ್ಗೆ ಬಾರ್ಟೆಲ್ ವಾನ್ ಡರ್ ವಾರ್ಡನ್ 1928ರಲ್ಲೇ ಬರೆದಿದ್ದರು. 1978ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಮತ್ತೆ ಇದೇ ವಿಷಯಕ್ಕೆ ಮರಳಿದರು. ಐವತ್ತು ವರ್ಷ ಮನಸ್ಸಿನಲ್ಲಿ ಉಳಿಯುವಷ್ಟು ಸತ್ವ ಇದರಲ್ಲಿದೆ.

ಈ ನಿಯಮದ ಶಕ್ತಿ ತೋರಿಸಲು ನನಗೆ ತುಂಬಾ ಇಷ್ಟವಾದ ಉದಾಹರಣೆ ಒಂದಿದೆ. ನ ಸಾಲು, ನ ಕಂಬ ಇರುವ ಮ್ಯಾಟ್ರಿಕ್ಸ್‌ಗೆ ಎಷ್ಟು ಐಗನ್ ಮೌಲ್ಯ? ನ ಅಂತ ಎಲ್ಲರಿಗೂ ಗೊತ್ತು, ನಿರ್ಧಾರಕ ಬಿಡಿಸಿ ಹೇಳುತ್ತೇವೆ. ನಿರ್ಧಾರಕ ಮುಟ್ಟದೆ ಹೇಳಬಹುದೇ? ಐಗನ್ ಮೌಲ್ಯವನ್ನು ಪ¹ ಒಳಗಿನ ಬಿಂದು ಅನ್ನಿ. ಐಗನ್ ವೆಕ್ಟರ್‌ನ ಉದ್ದ ಲೆಕ್ಕಕ್ಕಿಲ್ಲ, ಹಾಗಾಗಿ ಅದು ನ−1 ಆಯಾಮದ ಪ್ರೊಜೆಕ್ಟಿವ್ ಸ್ಪೇಸ್‌ನ ಬಿಂದು. ಎರಡನ್ನೂ ಸೇರಿಸಿದ ಜೋಡಿ ಗುಣಲಬ್ಧದಲ್ಲಿದೆ. ಆ ಜೋಡಿ ಪಾಲಿಸಬೇಕಾದ ಸಮೀಕರಣ ನ ಇವೆ, ಪ್ರತಿಯೊಂದರ ಡಿಗ್ರಿ (1,1). ಗುಣಲಬ್ಧದ ಆಯಾಮವೂ ನ. ಹಾಗಾಗಿ (ಗ + ಜ) ಅನ್ನು ನ ಸಲ ಗುಣಿಸಬೇಕು. ಗ ದ ಎರಡನೇ ಘಾತ ಸೊನ್ನೆ, ಜ ದ ನ-ನೇ ಘಾತ ಸೊನ್ನೆ. ಬಿಡಿಸಿದಾಗ ಒಂದೇ ಪದ ಬದುಕುತ್ತದೆ: ಗ ಒಂದು ಸಲ, ಜ ಉಳಿದ ನ−1 ಸಲ ಬರುವ ಪದ. ಅದರ ಸಹಗುಣಕ ನ. ಮುಗಿಯಿತು. ಇದನ್ನೇ ಸೆಗ್ರೆ ಮಾಡಿ, ದೊಡ್ಡ ಸ್ಪೇಸ್‌ನಲ್ಲಿ ಸಾಮಾನ್ಯ ಬೆಜೂ ಹಚ್ಚಲು ಹೋಗಿ ನೋಡಿ, ಎಷ್ಟು ಸುತ್ತಬೇಕಾಗುತ್ತದೆ ಅಂತ ಗೊತ್ತಾಗುತ್ತದೆ.

ಈಗ ನಿಮ್ಮ ಎರಡು ಬಿಂದುಗಳು. ಪ್ರಶ್ನೆಯಲ್ಲಿ ಯಾವ ಬಿಂದು ಅಂತ ಬರೆದಿಲ್ಲ, ಆದರೆ ನಾಲ್ಕು ಸಮೀಕರಣ ಬಂತು ಅಂದರೆ ಎರಡೂ ನಿರ್ದೇಶಾಂಕ ಬೇರೆ ಬೇರೆ ಇರುವ ಬಿಂದುಗಳೇ. ([1:0],[1:0]) ಮತ್ತು ([0:1],[0:1]) ಅಂದುಕೊಳ್ಳೋಣ. ಮೊದಲ ಬಿಂದುವಿನಲ್ಲಿ ಖ ಮತ್ತು ಛ ಸೊನ್ನೆ. ಎರಡನೆಯದರಲ್ಲಿ ಕ ಮತ್ತು ಚ ಸೊನ್ನೆ. ಎರಡರಲ್ಲೂ ಸೊನ್ನೆಯಾಗುವ ಬಹುಪದೋಕ್ತಿಗಳು ಕಖ, ಖಚ, ಕಛ, ಚಛ. ಮೆಕಾಲೆ 2 ಕೊಟ್ಟ ನಾಲ್ಕು ಇವೇ. ಇವುಗಳಲ್ಲಿ ಯಾವುದನ್ನೂ ಉಳಿದ ಮೂರರಿಂದ ಪಡೆಯಲು ಆಗುವುದಿಲ್ಲ. ಹಾಗಾಗಿ ಐಡಿಯಲ್ ಲೆಕ್ಕದಲ್ಲಿ ಸಾಫ್ಟ್‌ವೇರ್ ಹೇಳಿದ್ದು ಪೂರ್ತಿ ಸರಿ.

ಆದರೂ ನಿಮ್ಮ ಅನುಮಾನವೂ ಸರಿ! ಖಚ = 0 ಮತ್ತು ಕಛ = 0 ಎರಡನ್ನೇ ಇಟ್ಟುಕೊಳ್ಳಿ. ಖ = 0 ಆದರೆ ಕ ಸೊನ್ನೆ ಆಗುವಂತಿಲ್ಲ, ಯಾಕೆಂದರೆ [0:0] ಎಂಬ ಬಿಂದು ಇಲ್ಲ. ಹಾಗಾದರೆ ಛ = 0. ಮೊದಲ ಬಿಂದು ಸಿಕ್ಕಿತು. ಖ ಸೊನ್ನೆ ಅಲ್ಲದಿದ್ದರೆ ಚ = 0, ಆಗ ಛ ಸೊನ್ನೆ ಆಗುವಂತಿಲ್ಲ, ಹಾಗಾಗಿ ಕ = 0. ಎರಡನೇ ಬಿಂದು. ಬೇರೆ ಯಾವುದೂ ಇಲ್ಲ. ಎರಡು ಸಮೀಕರಣ, ಎರಡು ಬಿಂದು. ಬೆಜೂ ಲೆಕ್ಕವೂ ಕೂಡುತ್ತದೆ: (1,1) ಮತ್ತು (1,1) ಅಂದರೆ 1+1 = 2.

ಹಾಗಾದರೆ ಉಳಿದ ಎರಡು ಎಲ್ಲಿಂದ ಬಂದವು? ನಾವು ಬಿಂದುಗಳನ್ನು ಪ¹×ಪ¹ ಒಳಗೆ ನೋಡುತ್ತಿದ್ದೇವೆ, ಆದರೆ ಸಾಫ್ಟ್‌ವೇರ್ ಕ, ಖ, ಚ, ಛ ಎಂಬ ನಾಲ್ಕು ಚರಾಕ್ಷರಗಳ ನಾಲ್ಕು ಆಯಾಮದ ಜಾಗದಲ್ಲಿ ನೋಡುತ್ತದೆ. ಅಲ್ಲಿ ಖಚ = ಕಛ = 0 ಅಂದರೆ ನಾಲ್ಕು ಸಮತಲಗಳು. ಎರಡು ನಮ್ಮ ಬಿಂದುಗಳಿಗೆ ಸೇರಿದವು. ಇನ್ನೆರಡು ಕ = ಖ = 0 ಮತ್ತು ಚ = ಛ = 0. ಗುಣಲಬ್ಧದ ಕಣ್ಣಿಗೆ ಇವು ಇಲ್ಲವೇ ಇಲ್ಲ, ಯಾಕೆಂದರೆ ಅಲ್ಲಿ [0:0] ಬರುತ್ತದೆ. ಈ ಲೆಕ್ಕಕ್ಕಿಲ್ಲದ ಸಮತಲಗಳನ್ನು ಬೀಜಗಣಿತದಿಂದಲೂ ತೆಗೆದುಹಾಕಬೇಕು ಅಂದರೆ ಕಖ ಮತ್ತು ಚಛ ಸೇರಿಸಬೇಕು. ನೋಡಿ, ಕಖ ಅನ್ನು ಚ ದಿಂದ ಗುಣಿಸಿದರೆ ಅದು ಕ·(ಖಚ), ಛ ದಿಂದ ಗುಣಿಸಿದರೆ ಖ·(ಕಛ). ಎರಡೂ ಮೊದಲಿನ ಎರಡು ಸಮೀಕರಣಗಳಿಂದಲೇ ಬರುತ್ತವೆ. ಚ, ಛ ಎರಡೂ ಒಟ್ಟಿಗೆ ಸೊನ್ನೆ ಆಗುವುದಿಲ್ಲವಾದ್ದರಿಂದ ಕಖ ತಾನಾಗಿಯೇ ಸೊನ್ನೆ. ಈ ಎಳೆಗಳನ್ನೆಲ್ಲ ಸೇರಿಸಿಕೊಳ್ಳುವ ಕ್ರಿಯೆಗೆ ಸ್ಯಾಚುರೇಶನ್ ಅನ್ನುತ್ತಾರೆ. ಸಾಮಾನ್ಯ ಪ್ರೊಜೆಕ್ಟಿವ್ ಸ್ಪೇಸ್‌ನಲ್ಲಿ ಲೆಕ್ಕಕ್ಕಿಲ್ಲದ್ದು ಮೂಲಬಿಂದು ಒಂದೇ, ಅದರ ಕಾಟ ಕಡಿಮೆ. ಗುಣಲಬ್ಧದಲ್ಲಿ ಅದು ಎರಡು ಇಡೀ ಸಮತಲಗಳಷ್ಟು ದೊಡ್ಡದು. ಅದಕ್ಕೇ ಇಲ್ಲಿ ತೊಂದರೆ ಜಾಸ್ತಿ.

ತೊಂದರೆ ಎಷ್ಟರಮಟ್ಟಿಗೆ ಅಂದರೆ, ಪ್ರೊಜೆಕ್ಟಿವ್ ಸ್ಪೇಸ್‌ನಲ್ಲಿ ಯಾವ ಬಿಂದುಗಳ ಗುಂಪನ್ನೇ ತೆಗೆದುಕೊಳ್ಳಿ, ಅದರ ನಿರ್ದೇಶಾಂಕ ರಿಂಗ್ (ಐಡಿಯಲ್‌ನಲ್ಲಿರುವುದನ್ನೆಲ್ಲ ಸೊನ್ನೆ ಅಂದುಕೊಂಡಾಗ ಉಳಿಯುವ ಬಹುಪದೋಕ್ತಿಗಳ ರಿಂಗ್) ಕೋಹೆನ್-ಮೆಕಾಲೆ, ಅಂದರೆ ಬೀಜಗಣಿತದ ಕಣ್ಣಿಗೆ ಅಚ್ಚುಕಟ್ಟು, ಆಗಿರುತ್ತದೆ. ಇಲ್ಲಿ ಬರೀ ಎರಡು ಬಿಂದುಗಳಿಗೇ ಅದು ತಪ್ಪಿಹೋಯಿತು. ನಮ್ಮ ಎರಡು ಬಿಂದುಗಳಿಗೆ ಸೇರಿದ ಎರಡು ಸಮತಲಗಳು ನಾಲ್ಕು ಆಯಾಮದಲ್ಲಿ ಮೂಲಬಿಂದುವಿನಲ್ಲಷ್ಟೇ ತಾಗುತ್ತವೆ. ಕೋಹೆನ್-ಮೆಕಾಲೆ ಅಲ್ಲದ್ದಕ್ಕೆ ಪಠ್ಯಪುಸ್ತಕಗಳು ಕೊಡುವ ಉದಾಹರಣೆಯೇ ಇದು. ಬದಲಿಗೆ ಎರಡು ಬಿಂದುಗಳ ಮೊದಲ ನಿರ್ದೇಶಾಂಕ ಒಂದೇ ಇದ್ದರೆ ಐಡಿಯಲ್ ಖ ಮತ್ತು ಚಛ ಇಂದ ಆಗುತ್ತದೆ, ಎಲ್ಲ ಸಲೀಸು. ಪ³ ಒಳಗೆ ಯಾವ ಎರಡು ಬಿಂದು ತೆಗೆದುಕೊಂಡರೂ ಒಂದೇ ಥರ. ಗುಣಲಬ್ಧದಲ್ಲಿ ಅವು ಒಂದೇ ರೇಖೆಯ ಮೇಲಿವೆಯೋ ಇಲ್ಲವೋ ಅನ್ನುವುದು ಬೀಜಗಣಿತಕ್ಕೇ ಗೊತ್ತಾಗುತ್ತದೆ. ಯಾವ ಬಿಂದುಗುಂಪುಗಳು ಕೋಹೆನ್-ಮೆಕಾಲೆ ಅನ್ನುವ ಪ್ರಶ್ನೆಯನ್ನು ಇಟಲಿಯ ಜುಫ್ರಿದಾ, ಮಜೋನಿ, ರಗೂಸಾ 1992ರಲ್ಲಿ ಕೈಗೆತ್ತಿಕೊಂಡರು. ಉತ್ತರವನ್ನು ಚಿತ್ರವಾಗಿ ಹೇಳಬಹುದು. ಬಿಂದುಗಳನ್ನು ಮೊದಲ ನಿರ್ದೇಶಾಂಕಕ್ಕೆ ಒಂದು ಸಾಲು, ಎರಡನೆಯದಕ್ಕೆ ಒಂದು ಕಂಬ ಅಂತ ಚೌಕಗಳಲ್ಲಿ ತುಂಬಿ. ಯಾವ ಎರಡು ಸಾಲು ತೆಗೆದುಕೊಂಡರೂ ಒಂದು ಸಾಲಿನ ಕಂಬಗಳು ಇನ್ನೊಂದರ ಕಂಬಗಳೊಳಗೆ ಅಡಗಿರಬೇಕು. ಅಡಗಿದ್ದರೆ ಕೋಹೆನ್-ಮೆಕಾಲೆ, ಇಲ್ಲದಿದ್ದರೆ ಅಲ್ಲ. ನಿಮ್ಮ ಎರಡು ಬಿಂದುಗಳು ಬೇರೆ ಸಾಲು, ಬೇರೆ ಕಂಬ. ಅದಕ್ಕೇ ಆಗಲಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ನೀವು ಮೆಕಾಲೆ 2ರಲ್ಲಿ ರೆಸಲ್ಯೂಶನ್ ಕೇಳಿದರೆ 1, 4, 4, 1 ಬರುತ್ತದೆ. ಅಂದರೆ ನಾಲ್ಕು ಸಮೀಕರಣ, ಅವುಗಳ ನಡುವೆ ನಾಲ್ಕು ಸಂಬಂಧ, ಆ ಸಂಬಂಧಗಳ ನಡುವೆ ಮತ್ತೊಂದು. ಉದ್ದ 3. ಜಾಗದ ಆಯಾಮ 2 ಮಾತ್ರ. ಸಾಮಾನ್ಯ ಪ್ರೊಜೆಕ್ಟಿವ್ ಸ್ಪೇಸ್‌ನಲ್ಲಿ ಹೀಗೆ ಆಗುವುದಿಲ್ಲ. ಹಿಲ್ಬರ್ಟ್ 1890ರಲ್ಲಿ ಕೊಟ್ಟ ಸಿಜಿಜಿ ಪ್ರಮೇಯ (ಸಿಜಿಜಿ ಅಂದರೆ ಇಂಥ ಸಂಬಂಧ) ಮತ್ತು ಸ್ಯಾಚುರೇಶನ್ ಎರಡೂ ಸೇರಿದರೆ ಅಲ್ಲಿ ಉದ್ದ ಆಯಾಮವನ್ನು ಮೀರುವುದಿಲ್ಲ. ಗುಣಲಬ್ಧದಲ್ಲಿ ಇದು ಮುರಿಯಿತು. ಇದನ್ನು ಸರಿಪಡಿಸಿದವರು ಕ್ರಿಸ್ಟೀನ್ ಬರ್ಕೇಶ್, ಡೇನಿಯಲ್ ಅರ್ಮನ್ ಮತ್ತು ಗ್ರೆಗರಿ ಸ್ಮಿತ್. 2020ರಲ್ಲಿ ಪ್ರಕಟವಾದ ಅವರ ಕೆಲಸದ ಸಾರ ಇದು: ಲೆಕ್ಕಕ್ಕಿಲ್ಲದ ಜಾಗದಲ್ಲಿ ಏನಾದರೂ ಆಗಲಿ, ಅಲ್ಲಿ ತಪ್ಪು ಇದ್ದರೂ ಬಿಟ್ಟುಬಿಡಿ. ಅಷ್ಟು ಸಡಿಲ ಕೊಟ್ಟರೆ ಪ್ರೊಜೆಕ್ಟಿವ್ ಸ್ಪೇಸ್‌ಗಳ ಗುಣಲಬ್ಧದಲ್ಲೂ ಆಯಾಮ ಮೀರದ ರೆಸಲ್ಯೂಶನ್ ಯಾವಾಗಲೂ ಸಿಗುತ್ತದೆ. ಅದಕ್ಕೆ ವರ್ಚುವಲ್ ರೆಸಲ್ಯೂಶನ್ ಅಂತ ಹೆಸರಿಟ್ಟರು. ನಿಮ್ಮ ಉದಾಹರಣೆಯಲ್ಲಿ ಅದು 1, 2, 1. ಖಚ ಮತ್ತು ಕಛ ಎರಡು ಸಮೀಕರಣ, ಅವುಗಳ ನಡುವೆ ಒಂದು ಸಂಬಂಧ. ಉದ್ದ 2. ನಿಮ್ಮ ಮನಸ್ಸು ಹೇಳಿದ್ದು ಇದನ್ನೇ.

ಇದೆಲ್ಲ ಗಣಿತದ ಒಳಗಿನ ಮಾತಾಯಿತು. ಗುಣಲಬ್ಧ ತಾನಾಗಿಯೇ ಎದುರಾಗುವ ಒಂದು ಜಾಗ ಹೇಳುತ್ತೇನೆ. ಒಂದೇ ದೃಶ್ಯದ ಎರಡು ಫೋಟೋಗಳು. ಪ್ರತಿ ಫೋಟೋ ಒಂದು ಪ². ದೃಶ್ಯದ ಒಂದು ಬಿಂದು ಎರಡೂ ಫೋಟೋಗಳಲ್ಲಿ ಎಲ್ಲಿ ಬಿದ್ದಿದೆ ಅನ್ನುವುದು ಪ²×ಪ² ಒಳಗಿನ ಬಿಂದು. ದೃಶ್ಯದ ಆಯಾಮ 3, ಪ²×ಪ² ದ ಆಯಾಮ 4. ಹಾಗಾಗಿ ಸರಿಹೊಂದುವ ಜೋಡಿಗಳು ಒಂದು ಸಮೀಕರಣ ಪಾಲಿಸಬೇಕು. ಆ ಸಮೀಕರಣದ ಡಿಗ್ರಿ (1,1), ಅದನ್ನು 3×3 ಮ್ಯಾಟ್ರಿಕ್ಸ್ ಆಗಿ ಬರೆಯಬಹುದು. ಕಂಪ್ಯೂಟರ್ ವಿಷನ್‌ನವರು ಅದನ್ನು ಫಂಡಮೆಂಟಲ್ ಮ್ಯಾಟ್ರಿಕ್ಸ್ ಅನ್ನುತ್ತಾರೆ. ಒಂಬತ್ತು ಅಂಕಿ, ಒಟ್ಟಾರೆ ಗುಣಕ ಬಿಟ್ಟರೆ ಎಂಟು. ಒಂದು ಜೋಡಿ ಬಿಂದು ಗುರುತಿಸಿದರೆ ಒಂದು ರೇಖೀಯ ಸಮೀಕರಣ. ಎಂಟು ಜೋಡಿ ಇದ್ದರೆ ಮ್ಯಾಟ್ರಿಕ್ಸ್ ಸಿಗುತ್ತದೆ. ಎಚ್. ಸಿ. ಲಾಂಗೆಟ್-ಹಿಗಿನ್ಸ್ 1981ರಲ್ಲಿ ಎಂಟು ಬಿಂದುಗಳ ಈ ವಿಧಾನ ಕೊಟ್ಟರು. ಏಳೇ ಜೋಡಿ ಇದ್ದರೂ ಆಗುತ್ತದೆ. ಈ ಮ್ಯಾಟ್ರಿಕ್ಸ್‌ನ ನಿರ್ಧಾರಕ ಸೊನ್ನೆ ಇರಲೇಬೇಕು. ಅದು ಮೂರನೇ ಡಿಗ್ರಿಯ ಸಮೀಕರಣ, ಹಾಗಾಗಿ ಸಾಮಾನ್ಯವಾಗಿ ಹೆಚ್ಚೆಂದರೆ ಮೂರು ಉತ್ತರ. ಇಲ್ಲಿ ಪ⁸ ಗೆ ಹೋಗಿ ಬಿಂದುಗಳನ್ನು ನೋಡಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ. ಫೋಟೋಗಳು ಎರಡು, ಡಿಗ್ರಿಯೂ ಎರಡು.

ಕೊನೆಯದಾಗಿ, ಎರಡು ಡಿಗ್ರಿ ಇಟ್ಟುಕೊಂಡಿದ್ದಕ್ಕೇ ಸಿಕ್ಕ ದೊಡ್ಡ ಫಲಿತಾಂಶ ಒಂದನ್ನು ಹೇಳಲೇಬೇಕು. ಪ²×ಪ² ಒಳಗೆ ಒಂದು ಮೇಲ್ಮೈ ಇದೆ ಅನ್ನಿ. ಅದನ್ನು ಅಳೆಯಲು ಮೂರು ಸಂಖ್ಯೆ ಬೇಕು. ಮೊದಲ ಪ² ಯ ಎರಡು ರೇಖೆಗಳಿಂದ ಕತ್ತರಿಸಿದರೆ ಎಷ್ಟು ಬಿಂದು, ಎರಡೂ ಕಡೆಯಿಂದ ಒಂದೊಂದು ರೇಖೆಯಿಂದ ಕತ್ತರಿಸಿದರೆ ಎಷ್ಟು, ಎರಡನೇ ಪ² ಯ ಎರಡು ರೇಖೆಗಳಿಂದ ಕತ್ತರಿಸಿದರೆ ಎಷ್ಟು. ಮೇಲ್ಮೈ ಒಂದೇ ತುಂಡಾಗಿದ್ದರೆ, ಅಂದರೆ ಇರ್‌ರೆಡ್ಯೂಸಿಬಲ್ ಆಗಿದ್ದರೆ, ಈ ಮೂರು ಸಂಖ್ಯೆ ಹೇಗೆ ಬೇಕಾದರೂ ಇರಲು ಸಾಧ್ಯವಿಲ್ಲ. ನಡುವಿನದರ ವರ್ಗ ಅಕ್ಕಪಕ್ಕದ ಎರಡರ ಗುಣಲಬ್ಧಕ್ಕಿಂತ ಕಡಿಮೆ ಆಗುವಂತಿಲ್ಲ. ಹಾಜ್ ಇಂಡೆಕ್ಸ್ ಪ್ರಮೇಯ ಹೇಳುವುದು ಇದನ್ನೇ. 1, 0, 1 ಬರುವ ಮೇಲ್ಮೈ ಬೇಕು ಅಂದರೆ ಎರಡು ತುಂಡು ಅಂಟಿಸಿಯೇ ಮಾಡಬೇಕು. ದೊಡ್ಡ ಆಯಾಮದಲ್ಲೂ ಇದೇ ಅಸಮಾನತೆ ಸಾಲಿನುದ್ದಕ್ಕೂ ನಡೆಯುತ್ತದೆ. ಇಂಥ ಸಾಲಿಗೆ ಲಾಗ್-ಕಾನ್‌ಕೇವ್ ಅನ್ನುತ್ತಾರೆ.

ಈಗ ಗ್ರಾಫ್‌ಗೆ ಬಣ್ಣ ಹಚ್ಚುವ ಲೆಕ್ಕ. ನಾಲ್ಕು ಮೂಲೆಯ ಚೌಕ ತೆಗೆದುಕೊಳ್ಳಿ. ಪಕ್ಕಪಕ್ಕದ ಮೂಲೆಗಳಿಗೆ ಒಂದೇ ಬಣ್ಣ ಬರಬಾರದು. ತ ಬಣ್ಣ ಇದ್ದರೆ ಎಷ್ಟು ರೀತಿ? ತ⁴ − 4ತ³ + 6ತ² − 3ತ. ಎರಡು ಬಣ್ಣಕ್ಕೆ 2, ಮೂರಕ್ಕೆ 18. ಈ ಬಹುಪದೋಕ್ತಿಯನ್ನು 1912ರಲ್ಲಿ ತಂದವರು ಬರ್ಕಾಫ್. ಚಿಹ್ನೆ ಬಿಟ್ಟರೆ ಸಹಗುಣಕಗಳು 1, 4, 6, 3. ಹೀಗೆ ಏರಿ ಆಮೇಲೆ ಇಳಿಯುತ್ತವೆ ಅಂತ 1968ರಲ್ಲಿ ರೀಡ್ ಊಹಿಸಿದರು. ಲಾಗ್-ಕಾನ್‌ಕೇವ್ ಎಂಬ ಇನ್ನೂ ಬಿಗಿಯಾದ ಊಹೆ 1974ರಲ್ಲಿ ಹೊಗಾರ್ ಅವರಿಂದ ಬಂತು. ಸಾಧಿಸಿದ್ದು ಜೂನ್ ಹ, 2012ರಲ್ಲಿ ಪ್ರಕಟವಾದ ಲೇಖನದಲ್ಲಿ. ಅವರಿಗೆ 2022ರಲ್ಲಿ ಫೀಲ್ಡ್ಸ್ ಪದಕ ಬಂತು. ಅವರ ದಾರಿ ಪ್ರೊಜೆಕ್ಟಿವ್ ಸ್ಪೇಸ್‌ಗಳ ಗುಣಲಬ್ಧದ ಮೂಲಕವೇ ಹೋಗುತ್ತದೆ.

ಚೌಕದ ಉದಾಹರಣೆಯಲ್ಲಿ ಅದನ್ನು ಕಣ್ಣಾರೆ ನೋಡಬಹುದು. ಬಹುಪದೋಕ್ತಿಯನ್ನು ತ ಮತ್ತು ತ−1 ಇಂದ ಭಾಗಿಸಿ. ತ² − 3ತ + 3 ಉಳಿಯುತ್ತದೆ. ಸಂಖ್ಯೆಗಳು 1, 3, 3. ಈಗ ಚೌಕದ ನಾಲ್ಕು ಅಂಚುಗಳಿಗೆ ಪ² ಒಳಗೆ ನಾಲ್ಕು ರೇಖೆ: ಉ = 0, ಊ = 0, ಋ = 0, ಉ+ಊ+ಋ = 0. ನಾಲ್ಕನ್ನೂ ಗುಣಿಸಿ ಡಿಗ್ರಿ 4ರ ಬಹುಪದೋಕ್ತಿ ಮಾಡಿ, ಅದರ ಮೂರು ಪಾರ್ಶಿಯಲ್ ಡೆರಿವೇಟಿವ್ ತೆಗೆಯಿರಿ. ಪ್ರತಿಯೊಂದರ ಡಿಗ್ರಿ 3. ಈ ಮೂರು ಸೇರಿ ಪ² ಇಂದ ಪ² ಗೆ ಒಂದು ನಕಾಶೆ ಆಗುತ್ತದೆ. ಬಿಂದು ಮತ್ತು ಅದರ ಬಿಂಬ, ಈ ಜೋಡಿಗಳೆಲ್ಲ ಸೇರಿ ಪ²×ಪ² ಒಳಗೆ ಒಂದು ಮೇಲ್ಮೈ. ಅದರ ಮೂರು ಸಂಖ್ಯೆ ಲೆಕ್ಕ ಹಾಕಿ. ಮೊದಲ ಕಡೆಯ ಎರಡು ರೇಖೆಯಿಂದ ಕತ್ತರಿಸಿದರೆ 1. ಒಂದೊಂದರಿಂದ ಕತ್ತರಿಸಿದರೆ ಒಂದು ರೇಖೆ ಮತ್ತು ಒಂದು ಕ್ಯೂಬಿಕ್ ಸೇರುವ ಬಿಂದುಗಳು, 3. ಎರಡನೇ ಕಡೆಯ ಎರಡು ರೇಖೆ ಅಂದರೆ ಎರಡು ಕ್ಯೂಬಿಕ್, 9 ಬಿಂದು. ಆದರೆ ನಾಲ್ಕು ರೇಖೆಗಳು ಎರಡೆರಡಾಗಿ ಸೇರುವ 6 ಬಿಂದುಗಳಲ್ಲಿ ಎಲ್ಲ ಡೆರಿವೇಟಿವ್‌ಗಳೂ ಸೊನ್ನೆ, ಅವು ಲೆಕ್ಕಕ್ಕಿಲ್ಲ. 9 − 6 = 3. ಬಂತು 1, 3, 3! ಬಣ್ಣ ಹಚ್ಚುವ ಲೆಕ್ಕದ ಸಹಗುಣಕಗಳು ಒಂದು ಮೇಲ್ಮೈಯ ಎರಡು ದಿಕ್ಕಿನ ಡಿಗ್ರಿಗಳಾಗಿ ಎದುರಿಗೆ ನಿಂತವು. ಮೇಲ್ಮೈ ಒಂದೇ ತುಂಡು, ಹಾಗಾಗಿ 3·3 ≥ 1·3 ಅನ್ನುವುದು ಜ್ಯಾಮಿತಿಯಿಂದಲೇ ಬರುತ್ತದೆ. ಯಾವ ಗ್ರಾಫ್ ಆದರೂ ಇದೇ ಕ್ರಮ. ಭಾಗಿಸುವ ಮೊದಲಿನ ಸಾಲಿಗೂ ಅಸಮಾನತೆ ಸುಲಭವಾಗಿ ದಾಟುತ್ತದೆ. ಸೆಗ್ರೆ ಮಾಡಿ ಈ ಮೂರು ಸಂಖ್ಯೆಗಳನ್ನು ಒಂದೇ ಡಿಗ್ರಿಯಾಗಿ ಬೆರೆಸಿದ್ದರೆ (ಇಲ್ಲಿ ಅದು 1 + 2·3 + 3 = 10) ಈ ಪ್ರಮೇಯವನ್ನು ಹೇಳಲೂ ಆಗುತ್ತಿರಲಿಲ್ಲ.

ನೀವು ಹೇಗೂ ಮೆಕಾಲೆ 2 ತೆರೆದಿದ್ದೀರಿ. ಪ¹×ಪ¹ ದ ಕರ್ಣರೇಖೆಯ ಮೇಲೆ ಮೂರು ಬಿಂದು ತೆಗೆದುಕೊಂಡು ಐಡಿಯಲ್ ಕೇಳಿ. ಐದು ಸಮೀಕರಣ ಬರುತ್ತವೆ: (1,1), (3,0), (2,1), (1,2), (0,3) ಡಿಗ್ರಿಯವು ಒಂದೊಂದು. ಹತ್ತು ಬಿಂದು ತೆಗೆದುಕೊಂಡರೆ ಹನ್ನೆರಡು ಬರುತ್ತವೆ. ಎರಡೂ ಸಲ, (1,1) ಡಿಗ್ರಿಯ ಒಂದು ಮತ್ತು ಇನ್ನೊಂದು ಸರಿಯಾದ ಸಮೀಕರಣ, ಬರೀ ಎರಡರಿಂದಲೇ ಬಿಂದುಗಳನ್ನು ಹಿಡಿಯಬಹುದು. ಮೂರು ಬಿಂದುವಿಗೆ ಆ ಇನ್ನೊಂದರ ಡಿಗ್ರಿ (1,2). ಹತ್ತಕ್ಕೆ ಎಷ್ಟು ಅನ್ನುವುದನ್ನು ಅ·ದ + ಬ·ಸ ಇಟ್ಟು ನೀವೇ ಕಂಡುಹಿಡಿಯಿರಿ. ಆಮೇಲೆ ಸ್ಯಾಚುರೇಟ್ ಮಾಡಿ, ಹನ್ನೆರಡೂ ವಾಪಸ್ ಬರುತ್ತವೆಯೇ ಅಂತ ನೋಡಿ.